ಗಂಗಾಲಕ್ಷ್ಮಿ ಬರೆದ ಲಗ್ನಪತ್ರಿಕೆ

ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ನಂಗಲಿಯಲ್ಲಿ ಕಣ್ಣಿರುವವರಿಗೆ ಕೊರತೆಯಿಲ್ಲ. ಯಾರ ಮನೆಗೆ ಯಾರು ಬಂದರು, ಯಾವ ಲಾರಿ ಯಾವ ಡಾಬಾದ ಮುಂದೆ ನಿಂತಿತು, ಯಾರ ಸೊಸೆ ಯಾವ ಬಣ್ಣದ ಸೀರೆ ಉಟ್ಟು ಮುಳಬಾಗಿಲು ಬಸ್ಸು ಹತ್ತಿದಳು, ಎಲ್ಲವನ್ನೂ ನೋಡುತ್ತಾರೆ. ಇಷ್ಟೊಂದು ಕಣ್ಣುಗಳ ಮಧ್ಯೆ ಒಬ್ಬಳಿಗೆ ಕಾಣದೆ ಹೋದರೆ ಊರಿಗೇನೂ ನಷ್ಟವಿಲ್ಲ. ಆದರೂ ಊರು ಮರುಗುವುದನ್ನು ಬಿಟ್ಟಿಲ್ಲ. ಮರುಗುವುದಕ್ಕೆ ಏನೂ ಕೊಡಬೇಕಾಗಿಲ್ಲವಲ್ಲ.

ಆ ಒಬ್ಬಳು ಗಂಗಾಲಕ್ಷ್ಮಿ. ನನ್ನ ಅಣ್ಣನ ಮಗಳು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿಎ ಓದಿ ಬಂದಳು. ಅಣ್ಣ ಅತ್ತಿಗೆ ಇಬ್ಬರೂ ತೀರಿಕೊಂಡ ಮೇಲೆ ಅವಳು ನನ್ನ ಜೊತೆ ಇದ್ದಾಳೆ. ನನ್ನ ಯಜಮಾನರು ಹೋದ ಮೇಲೆ ನಾನು ಅವಳ ಜೊತೆ ಇದ್ದೇನೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದೀರಿ ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ "ನಾನೇ" ಅನ್ನುತ್ತೇವೆ.

ಕಣ್ಣಿಲ್ಲದವರು ಸಾಧುಗಳು, ಮೆತ್ತಗೆ ಮಾತಾಡುತ್ತಾರೆ ಅಂತ ನಂಬಿದವರು ಒಂದು ದಿನ ಅವಳ ಜೊತೆ ಕಳೆಯಬೇಕು. ನೆಂಟರು ಬಂದರೆ ಅವಳ ಎದುರಿಗೇ ನನ್ನನ್ನು ಕೇಳುತ್ತಾರೆ, "ಅಂಜಮ್ಮಕ್ಕಾ, ಊಟ ಅವಳೇ ಮಾಡ್ತಾಳಾ?" ಅಂತ. ಗಂಗಾ ತಾನೇ ಉತ್ತರ ಕೊಡುತ್ತಾಳೆ. "ಇಲ್ಲ ಕಣತ್ತೆ, ಕೂಲಿಗೆ ಆಳು ಇಟ್ಟಿದೀನಿ. ಅವನು ತಿಂತಾನೆ, ನನಗೆ ಹೊಟ್ಟೆ ತುಂಬುತ್ತೆ." ಇನ್ನು ಕೆಲವರು ಅವಳ ಕಿವಿಯ ಹತ್ತಿರ ಬಂದು ಕೂಗಿ ಮಾತಾಡುತ್ತಾರೆ. ಕಣ್ಣು ಹೋದರೆ ಕಿವಿಯೂ ಜೊತೆಗೆ ಹೋಗುತ್ತೆ ಅನ್ನುವುದು ಅವರು ಕಂಡುಕೊಂಡ ವಿದ್ಯೆ.

ಅವಳ ಹತ್ತಿರ ಒಂದು ಯಂತ್ರ ಇದೆ. ಒಂದು ಸಂಸ್ಥೆಯವರು ಕೋಲಾರದಲ್ಲಿ ಸಮಾರಂಭ ಮಾಡಿ ಕೊಟ್ಟರು. ನಾನೂ ಹೋಗಿದ್ದೆ. ವೇದಿಕೆ ಮೇಲಿದ್ದ ದೊಡ್ಡವರೆಲ್ಲ ಫೋಟೋಗೆ ಅಂತ ಆ ಡಬ್ಬಿಗೆ ಒಂದೊಂದು ಕೈ ಹಾಕಿದ್ದರಿಂದ ತೆಗೆದುಕೊಳ್ಳಬೇಕಾದವಳಿಗೆ ಹಿಡಿಯಲು ಜಾಗ ಸಿಗಲಿಲ್ಲ. ಫೋಟೋದವನು "ಮೇಡಂ, ಇಲ್ಲಿ ನೋಡಿ, ಇಲ್ಲಿ" ಅಂದ. ಗಂಗಾ ಮೈಕಿಗೆ ಕೇಳಿಸುವ ಹಾಗೆ "ಎಲ್ಲಿ?" ಅಂದಳು. ಆಮೇಲೆ ಭಾಷಣಗಳು ಸ್ವಲ್ಪ ಚಿಕ್ಕವಾದವು.

ಯಂತ್ರ ಅಂದರೆ ಬಹಳ ದೊಡ್ಡದಲ್ಲ, ಮಡಿಲಲ್ಲಿ ಇಟ್ಟುಕೊಳ್ಳಬಹುದು. ಮೇಲೆ ಆರು ಗುಂಡಿ. ಬ್ರೈಲ್ ಅಕ್ಷರಕ್ಕೆ ಆರು ಚುಕ್ಕಿ ಇರುವುದರಿಂದ ಚುಕ್ಕಿಗೊಂದು ಗುಂಡಿ. ಬೇಕಾದ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಕೆಳಗಡೆ ಉದ್ದಕ್ಕೆ ಒಂದು ಸಾಲು ಸಣ್ಣ ತೂತು. ಬರೆದದ್ದೆಲ್ಲ ಆ ತೂತುಗಳಲ್ಲಿ ರಾಗಿ ಕಾಳಿನಷ್ಟು ತಲೆ ಎತ್ತುತ್ತದೆ. ಅವಳು ಬೆರಳಾಡಿಸಿ ಓದಿಕೊಳ್ಳುತ್ತಾಳೆ. ಓದಿ ಮುಗಿದ ಸಾಲು ಮುಳುಗಿ ಇನ್ನೊಂದು ಸಾಲು ಏಳುತ್ತದೆ. ಯಂತ್ರದ ಒಳಗಿರುವುದು ಚುಕ್ಕಿಗಳು ಮಾತ್ರ. ಅದು ತಂತಿಯಿಲ್ಲದೆ ಫೋನಿಗೋ ಕಂಪ್ಯೂಟರಿಗೋ ಹೋದಾಗ ನಮ್ಮಂಥವರು ಓದುವ ಅಕ್ಷರವಾಗುತ್ತದೆ.

ಮೊದಲು ತೋರಿಸಿದ ದಿನ ನನ್ನ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟಳು.

"ಏನು ಗೊತ್ತಾಗುತ್ತೆ ಅತ್ತೆ?"

"ರಾಗಿ ಕಲ್ಲಿನ ಮೇಲೆ ಕೈ ಇಟ್ಟ ಹಾಗಿದೆ."

"ಅದು 'ಕ' ಕಣತ್ತೆ. ಕನ್ನಡದ 'ಕ'ನೂ ಇದೇ, ತೆಲುಗಿನ 'ಕ'ನೂ ಇದೇ. ಚುಕ್ಕಿ ಎರಡಕ್ಕೂ ಒಂದೇ. ಯಾವ ಭಾಷೆ ಅಂತ ಯಂತ್ರಕ್ಕೆ ಮೊದಲೇ ಹೇಳಿಬಿಟ್ರೆ ಆ ಅಕ್ಷರ ಕೊಡುತ್ತೆ."

"ಹೇಳೋದು ಮರೆತರೆ?"

"ನಾನು ಮರೆಯಲ್ಲ."

ನಮ್ಮ ವಂಶದಲ್ಲಿ ಜಮೀನು ಉಳಿಯಲಿಲ್ಲ, ಅಹಂಕಾರ ಮಾತ್ರ ಯಾರೂ ಮಾರದೆ ಉಳಿಸಿಕೊಂಡು ಬಂದಿದ್ದಾರೆ.

ಫೋನಿನಲ್ಲಿ ಒಬ್ಬ ಹೆಂಗಸಿನ ಧ್ವನಿ ಇದೆ. ಬರೆದದ್ದನ್ನೆಲ್ಲ ಓದಿ ಹೇಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕೇಳಿಸಿಕೊಂಡು ತಾಳೆ ನೋಡುತ್ತಿದ್ದರು. ಗಂಗಾಗೆ ಅವಳನ್ನು ಕಂಡರಾಗದು. ಆ ಹೆಂಗಸು ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡವಳ ಹಾಗೆ "ಮುಳಬಾಗಿಲು" ಅನ್ನುತ್ತಾಳೆ. "ನಮ್ಮ ತಾಲ್ಲೂಕಿನ ಹೆಸರು ಹೇಳೋಕೆ ಬರದವಳು ನನಗೆ ತಪ್ಪು ತೋರಿಸ್ತಾಳಾ?" ಎಂದು ಗಂಗಾ ಅವಳ ಬಾಯಿ ಮುಚ್ಚಿಸಿಬಿಟ್ಟಿದ್ದಳು.

ಮುಳಬಾಗಿಲಿನಲ್ಲಿ ಅಮರನಾಥ್ ಅಂತ ಒಬ್ಬರು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾರೆ. ಮದುವೆ ಕಾರ್ಡು, ತಿಥಿ ಕಾರ್ಡು, ಅಂಗಡಿ ಕರಪತ್ರ, ಎಲ್ಲ ಮಾಡುತ್ತಾರೆ. ಕಾರ್ಡಿನಲ್ಲಿ ಬರುವ ಮಾತಿಗೆ ಅಲ್ಲಿ 'ಮ್ಯಾಟರ್' ಅನ್ನುತ್ತಾರೆ. ಮ್ಯಾಟರ್ ಟೈಪು ಮಾಡುತ್ತಿದ್ದ ಹುಡುಗಿ ಮದುವೆಯಾಗಿ ಮಾಲೂರಿಗೆ ಹೋದ ಮೇಲೆ ಜಾಗ ಖಾಲಿ ಇತ್ತು. ಗಂಗಾ ಯಂತ್ರ ಹೆಗಲಿಗೆ ಹಾಕಿಕೊಂಡು, ನನ್ನನ್ನು ಕರೆದುಕೊಂಡು, ಹೋಗಿ ಕೇಳಿದಳು. ಅಮರನಾಥ್ ನನ್ನ ಮುಖ ನೋಡಿ, "ಇವರು ಬರೆದದ್ದನ್ನ ನಾವು ಹೆಂಗಮ್ಮ ಓದೋದು?" ಅಂದರು.

"ಕಣ್ಣಿಂದ ಸಾರ್," ಅಂದಳು ಗಂಗಾ. "ನೀವು ಮಾತಾಡಿ, ಬರೀತೀನಿ."

ಅವರು ಯಾವುದೋ ಹಳೆ ಕಾರ್ಡನ್ನು ಗಡಗಡ ಓದಿದರು. ಅವರು ಓದಿ ನಿಲ್ಲಿಸುವಷ್ಟರಲ್ಲಿ ಇವಳ ಬೆರಳೂ ನಿಂತಿತು. ಎದುರಿನ ಕಂಪ್ಯೂಟರಿನಲ್ಲಿ ಎಲ್ಲ ಬಂದಿತ್ತು. ಡಿಸೈನ್ ಮಾಡುವ ಶಿವಕುಮಾರ್ ಕುರ್ಚಿಯಿಂದ ಎದ್ದು ಬಂದು ಅವಳ ಮುಖದ ಮುಂದೆ ಕೈ ಆಡಿಸಿ ನೋಡಿದ. ಅವಳಿಗೆ ನಿಜವಾಗಿ ಕಾಣುವುದಿಲ್ಲವೇ ಅನ್ನುವುದು ಅವನ ಅನುಮಾನ.

"ಗಾಳಿ ಬೀಸಿದ್ದು ಸಾಕು ಕಣಪ್ಪ, ಫ್ಯಾನ್ ಇದೆ," ಅಂದಳು ಗಂಗಾ.

ಕೆಲಸಕ್ಕೆ ತೆಗೆದುಕೊಂಡರು, ನೋಡೋಣ ಅಂತ. ಹಿಂದಿನ ಮೂಲೆಯಲ್ಲಿ ಮೇಜು ಕೊಟ್ಟರು. ಆ ಮೂಲೆಯಲ್ಲಿದ್ದ ಟ್ಯೂಬ್‌ಲೈಟನ್ನು ಬಿಚ್ಚಿಸಿ ಕೌಂಟರಿನ ಮೇಲೆ ಹಾಕಿಸಿದರು. "ಅವರಿಗೆ ಯಾಕಮ್ಮ ಲೈಟು, ಸುಮ್ಮನೆ ದಂಡ," ಅಂದರು. ಅವಳ ಪಕ್ಕದಲ್ಲಿ ಸ್ಟೂಲಿನ ಮೇಲೆ ನಾನೂ ಕೂತಿರುತ್ತೇನೆ, ನನಗೆ ಬೆಳಕು ಬೇಕಾಗಬಹುದು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಅವರ ಬುದ್ಧಿವಂತಿಕೆ ಅಷ್ಟು ದೂರ ಬರುವಷ್ಟರಲ್ಲಿ ದಣಿದುಬಿಡುತ್ತದೆ.

ಕಣ್ಣಿರುವವರಿಗೆ ಬರೆಯುವುದು ಸುಲಭವಲ್ಲ ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು. ಅವಳ ಚುಕ್ಕಿಯಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಅನ್ನುವುದೇ ಇಲ್ಲ. ದೇವರ ಹೆಸರಿಗೂ ಕಲ್ಯಾಣ ಮಂಟಪದ ವಿಳಾಸಕ್ಕೂ ಒಂದೇ ಗಾತ್ರ. ನಮಗೆ ಹಾಗಾಗುವುದಿಲ್ಲ. ಹೆಸರು ದಪ್ಪಗಿರಬೇಕು, ದೇವರು ನಡುವೆ ಬರಬೇಕು, ಮುಹೂರ್ತ ಬೇರೆ ಸಾಲಿಗೆ ಹೋಗಬೇಕು, ಕೊನೆಯಲ್ಲಿ ಉಡುಗೊರೆ ಬೇಡವೆನ್ನುವ ಮಾತು ಯಾರಿಗೂ ಕಾಣದಷ್ಟು ಸಣ್ಣಗಿರಬೇಕು. ಅದಕ್ಕೆಲ್ಲ ಬೇರೆ ಬೇರೆ ಗುಂಡಿ ಒತ್ತಿ ಗುರುತು ಹಾಕಬೇಕು. ಗಂಗಾ ಹಳೆ ಕಾರ್ಡುಗಳನ್ನು ನನ್ನ ಕೈಗೆ ಕೊಟ್ಟು, "ಯಾವ ಸಾಲು ಎಲ್ಲಿ ಶುರುವಾಗುತ್ತೆ ಹೇಳು ಅತ್ತೆ" ಎಂದು ಒಂದೊಂದಾಗಿ ಕೇಳಿ ಕಲಿತಳು.

"ನಿಮಗೆಲ್ಲ ಅಕ್ಷರ ಸಾಲದು ಅತ್ತೆ, ಅದಕ್ಕೆ ಅಲಂಕಾರ ಬೇರೆ," ಅನ್ನುತ್ತಿದ್ದಳು.

ಶ್ರೀನಿವಾಸಪುರದ ಒಂದು ಮಾವಿನ ಮಂಡಿಯವರು ಬಂದರು. ಆಂಧ್ರದ ಕಡೆಯ ತೋಟದವರಿಗೆ ಹಂಚಲು ತೆಲುಗಿನಲ್ಲಿ ಕರಪತ್ರ ಬೇಕು ಅಂದರು. ಶಿವಕುಮಾರನಿಗೆ ತೆಲುಗು ಮಾತಾಡಲು ಬರುತ್ತೆ, ಬರೆಯಲು ಬರದು. ಅಮರನಾಥರಿಗೂ ಅಷ್ಟೇ. ಗಂಗಾ ಯಂತ್ರಕ್ಕೆ ತೆಲುಗು ಅಂತ ಹೇಳಿ ಅದೇ ಗುಂಡಿಗಳನ್ನು ಒತ್ತಿ ಬರೆದುಕೊಟ್ಟಳು. ಮಂಡಿಯವರು ಓದಿ, ಸರಿಯಾಗಿದೆ ಎಂದು ತೆಗೆದುಕೊಂಡು ಹೋದರು. ಕನ್ನಡ ಅಕ್ಷರದ ಮುಖವನ್ನೂ ತೆಲುಗು ಅಕ್ಷರದ ಮುಖವನ್ನೂ ನೋಡದವಳು ಎರಡನ್ನೂ ಬರೆಯುತ್ತಾಳೆ ಎಂದು ಅಮರನಾಥ್ ಬಂದವರಿಗೆಲ್ಲ ಹೇಳತೊಡಗಿದರು, ತಾವೇ ಕಲಿಸಿದ ಹಾಗೆ. ಹೇಳಿ ಮುಗಿಸಿ ಒಂದು ದಿನ ಇದನ್ನೂ ಹೇಳಿದರು:

"ನೋಡಮ್ಮ ಗಂಗಾಲಕ್ಷ್ಮಿ, ಇನ್ನೊಂದು ದೊಡ್ಡ ಪಾರ್ಟಿ ಕಾರ್ಡು ತಪ್ಪಿಲ್ಲದೆ ಮಾಡಿಬಿಟ್ರೆ ಈ ಕೆಲಸ ನಿಂಗೆ ಗಟ್ಟಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರದು."

ಮನೆಗೆ ಬರುವಾಗ ಅವಳು ಬಸ್ಸು ಇಳಿಯುವ ಹೊತ್ತಿಗೆ ಅಂದಳು: "ಅತ್ತೆ, ಮನೇಲಿ ಕೂತ್ರೆ ನಾನು ಊರಿಗೆಲ್ಲ ಪಾಪ. ಅಂಗಡೀಲಿ ಕೂತ್ರೆ ಊರಿಗೆಲ್ಲ ಜಗಳಗಂಟಿ. ನನಗೆ ಎರಡನೇದೇ ಬೇಕು." ಈ ಕೆಲಸಕ್ಕೆ ಮುಂಚೆ ಎಷ್ಟೋ ಕಡೆ ಹೋಗಿ ಕೇಳಿದ್ದಳು. ಎಲ್ಲರೂ ಕೂರಿಸಿ ಟೀ ಕೊಟ್ಟು ಕಳಿಸಿದ್ದರು. ಟೀ ಕುಡಿದು ಕುಡಿದು ಅವಳಿಗೆ ಮರ್ಯಾದೆ ಅಂದರೆ ಹೊಟ್ಟೆ ಉರಿಯುವಂತಾಗಿತ್ತು.

ದೊಡ್ಡ ಪಾರ್ಟಿ ಹುಡುಕಿಕೊಂಡು ನಮ್ಮೂರಿಂದಲೇ ಬಂತು. ಚನ್ನರಾಯಪ್ಪ. ಹೈವೇ ಪಕ್ಕ ಟೈರಂಗಡಿ, ಅದರ ಪಕ್ಕ ಡಾಬಾ. ಅವರ ಮಗಳು ಮೇಘನಳಿಗೆ ಆಂಧ್ರದ ಪಲಮನೇರು ಕಡೆಯ ಗಂಡು ಗೊತ್ತಾಗಿತ್ತು. ಎರಡು ಮನೆಯವರಿಗೂ ಎಲ್ಲ ಒಪ್ಪಿಗೆಯಾಗಿ ಕಾರ್ಡಿನ ಮಾತು ಬಂದಾಗ ಜಗಳ ಹತ್ತಿಕೊಂಡಿತ್ತು. ಗಂಡಿನವರು ಕಾರ್ಡು ತೆಲುಗಿನಲ್ಲಿರಲಿ ಅಂದರು, ಯಾಕೆಂದರೆ ಅವರೆಲ್ಲ ತೆಲುಗು ಸ್ಕೂಲಿನಲ್ಲಿ ಓದಿದವರು. ಆದರೆ ಅವರ ಮನೆಮಾತು ಕನ್ನಡ. ನಮ್ಮ ಚನ್ನರಾಯಪ್ಪನವರು ಕನ್ನಡದಲ್ಲೇ ಇರಬೇಕು ಅಂದರು. ಅವರ ಮನೆಮಾತು ತೆಲುಗು. ಹೀಗಾಗಿ ತೆಲುಗು ಬೇಕು ಎಂದು ಅವರು ಕನ್ನಡದಲ್ಲಿ ಕೂಗಾಡಿದರು, ಕನ್ನಡ ಬೇಕು ಎಂದು ಇವರು ತೆಲುಗಿನಲ್ಲಿ ಕೂಗಾಡಿದರು. ಕೊನೆಗೆ ಹೆಣ್ಣಿನ ಮನೆಯ ಮದುವೆಯಾದ್ದರಿಂದ ಕನ್ನಡ ಗೆದ್ದಿತು.

"ಮಾ ಇಂಟಿ ಪೆಳ್ಳಿ, ಕನ್ನಡಂಲೋನೇ ಉಂಡಾಲಿ!" ಎಂದು ಚನ್ನರಾಯಪ್ಪ ಪ್ರೆಸ್ಸಿಗೆ ಬಂದು ಮೇಜು ಗುದ್ದಿದರು. ನಮ್ಮ ಮನೆ ಮದುವೆ, ಕನ್ನಡದಲ್ಲೇ ಇರಬೇಕು ಅಂತ, ತೆಲುಗಿನಲ್ಲಿ. ಕನ್ನಡದ ಮೇಲೆ ಅಷ್ಟೊಂದು ಅಭಿಮಾನ.

ಗಂಗಾ ಮೂಲೆಯಲ್ಲಿ ಯಂತ್ರ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವತ್ತು ಬೆಳಗ್ಗೆ ಮಾವಿನ ಮಂಡಿಯವರು ಫೋನು ಮಾಡಿ ಕರಪತ್ರಕ್ಕೆ ಇನ್ನೊಂದು ತಳಿಯ ಹೆಸರು ಸೇರಿಸಿ ಅಂದಿದ್ದರು. ಅದನ್ನು ಸೇರಿಸಿ ಕಳಿಸಿ ಆಗಿತ್ತು. ಚನ್ನರಾಯಪ್ಪ ಕುರ್ಚಿ ಎಳೆದುಕೊಂಡು ಹೇಳುತ್ತಾ ಹೋದರು. ಇವಳು ಒತ್ತುತ್ತಾ ಹೋದಳು. ದೇವರು, ಹಿರಿಯರು, ವಧು, ವರ, ಮುಹೂರ್ತ, ಸುಖಾಗಮನ ಬಯಸುವವರು.

"ನನ್ನ ಹೆಸರು ಎಲ್ಲರಿಗಿಂತ ದಪ್ಪಗೆ ಬರಲಿ ಕಣಮ್ಮ."

"ಮದುವೆ ಹೆಣ್ಣಿಗಿಂತಲೂನಾ ಮಾವ?"

"ಅವಳದ್ದೂ ಇರಲಿ. ನಂದು ಸ್ವಲ್ಪ ಮುಂದೆ ಇರಲಿ."

"ಗಂಡಿನ ಅಪ್ಪಂದು?"

"ಅವರದ್ದು... ಇರಲಿ. ಇದ್ದೇ ಇರುತ್ತಲ್ಲ."

"ನನ್ನ ಬೆರಳಿಗೆ ಎಲ್ಲರೂ ಒಂದೇ ಗಾತ್ರ ಮಾವ. ಆದ್ರೂ ನಿಮಗೋಸ್ಕರ ಉಬ್ಬಿಸ್ತೀನಿ," ಎಂದು ಗುರುತು ಹಾಕಿದಳು. ಅವರು ನಗಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಮೀಸೆ ತಿರುವಿಕೊಂಡರು.

ಬರೆದದ್ದನ್ನು ಗಂಗಾ ಬೆರಳಿನಿಂದ ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳು. ಒಂದು ಚುಕ್ಕಿ ಆಚೀಚೆ ಇರಲಿಲ್ಲ. ಶಿವಕುಮಾರನ ಕಂಪ್ಯೂಟರಿಗೆ ಕಳಿಸಿದಳು. ಅವನು ಫೋನಿನಲ್ಲಿ ಯಾರ ಹತ್ತಿರವೋ ನಗುತ್ತಾ ಅದನ್ನು ಡಿಸೈನಿನಲ್ಲಿ ಕೂರಿಸಿದ. ಗಣೇಶನ ಸೊಂಡಿಲು ಎಡಕ್ಕೋ ಬಲಕ್ಕೋ ಎನ್ನುವುದಕ್ಕೆ ಬಹಳ ತಲೆ ಕೆಡಿಸಿಕೊಂಡ. ಅಮರನಾಥ್ ಬಂದು, ಕೆಂಪು ಸ್ವಲ್ಪ ಜಾಸ್ತಿಯಾಯಿತು ಅಂದರು. ಕಡಿಮೆ ಮಾಡಿದರು. ಚನ್ನರಾಯಪ್ಪನವರಿಗೆ ಫೋನಿನಲ್ಲಿ ಕಳಿಸಿದರು. ಅವರಿಗೆ ಓದಲು ಕನ್ನಡಕ ಬೇಕು, ಆದರೆ ಟೈರಂಗಡಿಯಲ್ಲಿ ಹಾಕಿಕೊಂಡರೆ ವಯಸ್ಸು ಗೊತ್ತಾಗುತ್ತದೆ. ಕೈ ಉದ್ದ ಮಾಡಿ ಫೋನು ದೂರ ಹಿಡಿದು ನೋಡಿದರು. ತಮ್ಮ ಹೆಸರು ದಪ್ಪಗೆ ಕಂಡಿತು. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಕಾರ್ಡು ಅಚ್ಚಾಯಿತು.

ನಮ್ಮ ಕಡೆ ಮದುವೆ ಕಾರ್ಡು ಬಂದ ಕೂಡಲೇ ಹಂಚುವ ಹಾಗಿಲ್ಲ. ಮೊದಲ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಮನೆದೇವರ ಮುಂದಿಟ್ಟು, ಎರಡೂ ಕಡೆಯವರು ಸೇರಿದಾಗ ಮನೆಯ ಯಜಮಾನ ಅದನ್ನು ಗಟ್ಟಿಯಾಗಿ ಓದಬೇಕು. ಅಲ್ಲಿಯವರೆಗೆ ಕಟ್ಟು ಬಿಚ್ಚಬಾರದು. ಚನ್ನರಾಯಪ್ಪ ನಮ್ಮನ್ನೂ ಕರೆದಿದ್ದರು. ಬರೆದವಳು ಅಂತಲ್ಲ, ಒಂದೇ ಬೀದಿಯವರು ಅಂತ. ಗಂಗಾ ಯಂತ್ರದ ಚೀಲ ಬಿಡದೆ ಬಂದಿದ್ದಳು. ತಾನು ಬರೆದದ್ದನ್ನು ಜನರ ಮುಂದೆ ಓದುವುದು ಅವಳು ಕೇಳುತ್ತಿದ್ದುದು ಅದೇ ಮೊದಲು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು, ಸೀರೆಯ ಬಣ್ಣ ಸರಿ ಇದೆಯೇ ಎಂದು ನನ್ನನ್ನು ಎರಡು ಸಲ ಕೇಳಿದ್ದಳು.

ಗಂಡಿನ ಕಡೆಯಿಂದ ಗಂಡಿನ ಅಪ್ಪ ಅಮ್ಮ, ದೊಡ್ಡಪ್ಪ, ಇನ್ನೂ ಕೆಲವರು ಬಂದು ಚಾಪೆಯ ಮೇಲೆ ಕೂತಿದ್ದರು. ಪೂಜೆಯಾಯಿತು. ಚನ್ನರಾಯಪ್ಪ ಅವತ್ತು ಬೇರೆ ದಾರಿಯಿಲ್ಲದೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಗಂಟಲು ಸರಿ ಮಾಡಿಕೊಂಡು ಕಾರ್ಡು ಬಿಚ್ಚಿದರು.

"ಶ್ರೀ..." ಅಂದರು.

ನಿಲ್ಲಿಸಿದರು. ಕಾರ್ಡನ್ನು ದೂರ ಹಿಡಿದರು. ಹತ್ತಿರ ತಂದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಶ್ರೀ... ವೆಂ... ವೆಂಕ..."

ಒಂದನೇ ಕ್ಲಾಸಿನ ಮಗು ಓದುವ ಹಾಗೆ ಓದುತ್ತಿದ್ದರು. ಹಣೆ ಮೇಲೆ ನೀರಾಡಿತು.

"ಯಾಕತ್ತೆ ನಿಲ್ಲಿಸಿದ್ರು?" ಗಂಗಾ ನನ್ನ ಕಿವಿಯಲ್ಲಿ ಕೇಳಿದಳು. "ಮಗಳ ಮದುವೆ ಅಂತ ಕಣ್ಣೀರು ಬಂತಾ?"

"ಬೆವರು ಬಂತು ಕಣೇ."

ನಾನು ಎದ್ದು ಕಾರ್ಡಿನ ಕಡೆ ಬಗ್ಗಿ ನೋಡಿದೆ. ಅಕ್ಷರಗಳು ದೂರದಿಂದ ನಮ್ಮವರ ಹಾಗೇ ಇದ್ದವು. ಹತ್ತಿರ ಹೋದರೆ ತಲೆಯ ಮೇಲೆ ಬೇರೆ ಥರ ಕೊಕ್ಕೆ. ತೆಲುಗು ಅಕ್ಷರ. ಕನ್ನಡಕ್ಕೂ ತೆಲುಗಿಗೂ ಎಷ್ಟೋ ಅಕ್ಷರಗಳು ಅಕ್ಕತಂಗಿಯರ ಹಾಗೆ, ಅವಸರದಲ್ಲಿ ನೋಡಿದರೆ ಒಬ್ಬಳನ್ನು ಇನ್ನೊಬ್ಬಳು ಅಂದುಕೊಳ್ಳುತ್ತೇವೆ. ಅದರಲ್ಲೂ 'ಚನ್ನರಾಯಪ್ಪ' ಅನ್ನುವ ಹೆಸರಿನಲ್ಲಿರುವ ಅಕ್ಷರಗಳೆಲ್ಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಮುಖದವು. ಅವರು ಫೋನಿನಲ್ಲಿ ನೋಡಿದ್ದು ಅದೊಂದನ್ನೇ. ಮಾತೆಲ್ಲ ಅವರು ಹೇಳಿಬರೆಸಿದ ಕನ್ನಡವೇ. ಅಕ್ಷರ ಮಾತ್ರ ತೆಲುಗು. ಮನೆಯಲ್ಲಿ ಹುಟ್ಟಿದಾಗಿನಿಂದ ತೆಲುಗು ಆಡುವ ಮನುಷ್ಯ ತೆಲುಗು ಅಕ್ಷರದ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಗಂಡಿನ ದೊಡ್ಡಪ್ಪ ಕೈ ಚಾಚಿ ಕಾರ್ಡು ತೆಗೆದುಕೊಂಡರು. ಒಂದು ಸಾಲು ಕಣ್ಣಲ್ಲೇ ಓದಿದರು. ಮುಖ ಅರಳಿತು. ಆಮೇಲೆ ಗಟ್ಟಿಯಾಗಿ, ಒಂದು ಕಡೆಯೂ ತಡೆಯದೆ, ಕೊನೆಯವರೆಗೂ ಓದಿದರು. ಅಚ್ಚ ಕನ್ನಡ. ಅವರ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ್ ಬೀಗರೇ!" ಅಂದರು ದೊಡ್ಡಪ್ಪ. "ನಾವು ಅಷ್ಟು ಜಗಳ ಆಡಿದ್ವಿ, ನೀವು ಒಳಗೊಳಗೇ ಇಂಥ ಯೋಚನೆ ಮಾಡಿದೀರಾ? ನಮ್ಮ ಮನೇಲಿ ಆಡೋ ಮಾತನ್ನ ನಾವು ಓದೋ ಅಕ್ಷರದಲ್ಲಿ ಈವರೆಗೆ ಯಾರೂ ಕೊಟ್ಟಿರಲಿಲ್ಲ ಕಣ್ರೀ."

ಚನ್ನರಾಯಪ್ಪ "ಒಂದು ನಿಮಿಷ ಬಂದೆ," ಎಂದು ಫೋನು ಹಿಡಿದು ಜಗಲಿಗೆ ಹೋದರು. ಗಂಗಾ ನನ್ನ ತೋಳು ಹಿಡಿದು ಎದ್ದಳು. ನಾವೂ ಹಿಂದೆ ಹೋದೆವು.

ಅವರು ಅಮರನಾಥರಿಗೆ ಫೋನು ಹಚ್ಚಿ, ಲಾರಿಗಳ ಸದ್ದಿನಲ್ಲಿ ಕೇಳಿಸಲಿ ಅಂತ ಸ್ಪೀಕರ್ ಹಾಕಿದ್ದರು.

"ಏಮಯ್ಯಾ ಇದಿ, ಏನಯ್ಯಾ ಇದು? ಕನ್ನಡ ಅಂದ್ರೆ ತೆಲುಗು ಅಕ್ಷರದಲ್ಲಿ ಹಾಕಿದೀಯಲ್ಲ! ನೆಂಟರ ಮುಂದೆ ನನ್ನ ಮರ್ಯಾದೆ ತೆಗೆದೆ!"

ಅಮರನಾಥರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ತಪ್ಪು ಯಾರದು ಅನ್ನುವುದಕ್ಕೆ ಹೊತ್ತು ಹಿಡಿಯಲಿಲ್ಲ. "ಅಯ್ಯೋ ಅಣ್ಣ, ಆ ಕುರುಡಿ ಕೈಗೆ ಕೊಟ್ಟಿದ್ದೇ ನನ್ನ ತಪ್ಪು. ಪಾಪ ಅಂತ ಇಟ್ಕೊಂಡೆ. ನಾಳೆಯಿಂದ ಬರಬೇಡ ಅಂತೀನಿ."

"ನಾಳೆವರೆಗೂ ಯಾಕೆ ಸಾರ್?" ಅಂದಳು ಗಂಗಾ. "ಇಲ್ಲೇ ನಿಂತಿದೀನಿ, ಈಗ್ಲೇ ಹೇಳಿಬಿಡಿ."



ಗಂಗಾ ಜಗಲಿ ಕಟ್ಟೆಯ ಮೇಲೆ ಕೂತು ಚೀಲದಿಂದ ಯಂತ್ರ ತೆಗೆದಳು. ಕಾರ್ಡಿನ ಮ್ಯಾಟರ್ ತೆಗೆದು ಬೆರಳಾಡಿಸಿ ಗಟ್ಟಿಯಾಗಿ ಓದಿದಳು. "ಎಲ್ಲ ಸರಿ ಇದೆ. ಒಂದಕ್ಷರ ತಪ್ಪಿಲ್ಲ. ಏನ್ ಸಾರ್ ನೀವು ಮಾತಾಡೋದು?" ಅಂತ ಜಗಳಕ್ಕೇ ನಿಂತಳು. ನಾನು ಅವಳ ಭುಜ ಮುಟ್ಟಿದೆ.

"ಗಂಗಾ, ನಾನು ನೋಡಿದೆ ಕಣೇ. ಅಕ್ಷರ ತೆಲುಗೇ."

ಅವಳು ಫೋನು ತೆಗೆದು ಪ್ರೆಸ್ಸಿಗೆ ಕಳಿಸಿದ್ದನ್ನು ಹುಡುಕಿ, ಬಾಯಿ ಮುಚ್ಚಿಸಿದ್ದ ಆ ಹೆಂಗಸಿನ ಧ್ವನಿಯನ್ನು ಹಾಕಿದಳು. ಅದು ತೆಲುಗಿನವಳ ರಾಗದಲ್ಲಿ ಕನ್ನಡದ ಮಾತುಗಳನ್ನು ಎಳೆದೆಳೆದು ಓದತೊಡಗಿತು. ಗಂಗಾಳ ಮುಖ ಸಣ್ಣದಾಯಿತು. ಅವಳ ಮುಖ ಹಾಗಾದದ್ದನ್ನು ನಾನು ಅವಳ ಅಮ್ಮ ಸತ್ತ ದಿನ ನೋಡಿದ್ದೆ, ಆಮೇಲೆ ಅವತ್ತು.

"ತಪ್ಪು ನಂದೇ ಸಾರ್," ಅಂದಳು. "ಅವತ್ತು ಬೆಳಗ್ಗೆ ಮಾವಿನ ಮಂಡಿ ಕೆಲಸಕ್ಕೆ ತೆಲುಗು ಮಾಡಿದ್ದೆ. ಕನ್ನಡಕ್ಕೆ ತಿರುಗಿಸೋದು ಮರೆತೆ. ಚುಕ್ಕಿ ಎರಡಕ್ಕೂ ಒಂದೇ, ಬೆರಳಿಗೆ ಗೊತ್ತಾಗಲಿಲ್ಲ. ಈ ಧ್ವನಿ ಹಾಕಿದ್ರೆ ಗೊತ್ತಾಗ್ತಿತ್ತು. ಹಾಕಲಿಲ್ಲ."

"ನೋಡಿದ್ಯಾ ಅಣ್ಣ! ಅವಳೇ ಒಪ್ಕೊಂಡ್ಲು!" ಫೋನಿನಲ್ಲಿ ಅಮರನಾಥ್ ಹಗುರಾದರು.

"ಒಪ್ಕೊಂಡೆ ಸಾರ್. ನನಗೆ ಕಾಣಲ್ಲ ಅಂತ ಗೊತ್ತಿದ್ದೇ ಕೆಲಸ ಕೊಟ್ರಿ. ಆಮೇಲೆ ಶಿವಕುಮಾರ್ ನೋಡಿದ, ನೀವು ನೋಡಿದ್ರಿ, ಮಾವ ನೋಡಿದ್ರು. ನಿಮಗೂ ಯಾರಿಗೂ ಕಾಣಲ್ಲ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಜಾಸ್ತಿ ಹುಷಾರಾಗಿರ್ತಿದ್ದೆ."

ಚನ್ನರಾಯಪ್ಪ ಕನ್ನಡಕವನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡರು.

ಅವಳು ಯಂತ್ರಕ್ಕೆ ಕನ್ನಡ ಅಂತ ಹೇಳಿದಳು. ಒಳಗಿದ್ದ ಚುಕ್ಕಿಗಳನ್ನು ಮುಟ್ಟಲೂ ಇಲ್ಲ. ಹಾಗೇ ಫೋನಿನ ಮೂಲಕ ಮತ್ತೆ ಕಳಿಸಿದಳು. "ಈಗ ನಿಮ್ಮ ಕಂಪ್ಯೂಟರಿಗೆ ಕನ್ನಡ ಅಕ್ಷರದಲ್ಲಿ ಬಂದಿರುತ್ತೆ ಸಾರ್. ಇಟ್ಕೊಳ್ಳಿ. ನಾಳೆ ನಾನಿಲ್ಲದಿದ್ರೂ ನಿಮಗೆ ಬೇಕಾಗುತ್ತೆ." ಯಂತ್ರವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಆ ಹೊತ್ತಿಗೆ ಗಂಡಿನ ದೊಡ್ಡಪ್ಪ ಒಳಗಿಂದ ಬಂದರು. ಕೈಯಲ್ಲಿ ಅರಿಶಿನದ ಕಾರ್ಡು. ಬಂದವರೇ ಚನ್ನರಾಯಪ್ಪನವರ ಹೆಗಲ ಮೇಲೆ ಕೈ ಹಾಕಿದರು.

"ಬೀಗರೇ, ನಮ್ಮ ಹೆಂಗಸರಂತೂ ಕಾರ್ಡು ಕೆಳಗೆ ಇಡ್ತಿಲ್ಲ. ನಮ್ಮ ಕಡೆಗೆ ಪೂರ್ತಿ ಇದೇ ಇರಲಿ. ಯಾರ ತಲೆ ಓಡ್ತು ಇದಕ್ಕೆ? ಯಾರ ಐಡಿಯಾ?"

ಫೋನು ಇನ್ನೂ ಸ್ಪೀಕರಿನಲ್ಲೇ ಇತ್ತು. ಚನ್ನರಾಯಪ್ಪ ಫೋನು ನೋಡಿದರು. ಗಂಗಾಳನ್ನು ನೋಡಿದರು. ನನ್ನನ್ನು ನೋಡಿದರು. ನಾನು ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಲಾರಿಯನ್ನು ನೋಡಿದೆ.

"ಇನ್ಯಾರ್ದು?" ಅಂದರು ಚನ್ನರಾಯಪ್ಪ, ಮೀಸೆಗೆ ಕೈ ಹೋಯಿತು. "ನಂದೇ. ನಿಮ್ಮ ಮನೆ ಸಂಕಟ ನನಗೆ ಗೊತ್ತಾಗಲ್ವಾ? ಈ ಹುಡುಗಿಗೆ ನಾನೇ ಹೇಳಿ ಮಾಡಿಸ್ದೆ. ಗೊತ್ತಾಗಬಾರದು ಅಂತ ಸುಮ್ಮನಿದ್ದೆ."

"ಅದಕ್ಕೇ ಓದೋಕೆ ಹಂಗೆ ತಡವರಿಸಿದ್ರಾ?"

"ನಿಮ್ಮ ಕೈಲಿ ಓದಿಸಬೇಕು ಅಂತ, ಬೇಕಂತಲೇ."

ಗಂಗಾ ಫೋನಿನ ಕಡೆ ತಿರುಗಿ ಮೆತ್ತಗೆ, "ಕೇಳಿಸ್ತಾ ಸಾರ್?" ಅಂದಳು.

ಕೇಳಿಸಿತ್ತು. ಇನ್ನು ಅದು ತಪ್ಪಲ್ಲ. ಅದು ತಪ್ಪು ಅಂತ ಯಾರಾದರೂ ಅಂದರೆ ಚನ್ನರಾಯಪ್ಪನವರ ಐಡಿಯಾ ತಪ್ಪು ಅಂತಾಗುತ್ತದೆ. ತಪ್ಪೇ ಇಲ್ಲದ ಮೇಲೆ ಅವಳನ್ನು ಬಿಡಿಸುವುದು ಯಾತಕ್ಕೆ? ಮೇಲೆ ಚನ್ನರಾಯಪ್ಪ ಫೋನಿಗೆ ಬಾಯಿ ಹಚ್ಚಿ, "ಅಮರನಾಥಾ, ನಾನು ಹೇಳಿದ್ನಲ್ಲ, ನಮ್ಮ ಕಡೆಯೋರಿಗೆ ಕನ್ನಡ ಅಕ್ಷರದ್ದು. ಅದನ್ನೂ ಹಾಕಿಬಿಡು," ಅಂದರು, ಮೊದಲೇ ಹೇಳಿದ್ದವರ ಹಾಗೆ. ಒಂದು ಕಾರ್ಡಿನ ಕೆಲಸ ಎರಡಾಗಿತ್ತು. ಅಮರನಾಥರ ಕರುಳು ಅಷ್ಟು ಬೇಗ ಕರಗಿದ್ದನ್ನು ನಾನು ನೋಡಿರಲಿಲ್ಲ.

"ಗಂಗಾಲಕ್ಷ್ಮಿ, ನಾಳೆ ಸ್ವಲ್ಪ ಬೇಗ ಬಂದುಬಿಡಮ್ಮ," ಅಂದರು. "ನಾನು ಸುಮ್ಮನೆ ಬಾಯಿಮಾತಿಗೆ ಅಂದಿದ್ದು. ಕೆಲಸ ನಿಂದೇ, ಗಟ್ಟಿ."

"ಕುರುಡಿ ಅಂದಿದ್ದೂ ಬಾಯಿಮಾತಿಗಾ ಸಾರ್, ಅದೂ ಗಟ್ಟಿನಾ?"

ಫೋನು ಕಟ್ಟಾಯಿತು. ಹೈವೇ ಪಕ್ಕ ಸಿಗ್ನಲ್ ಸರಿ ಇರುವುದಿಲ್ಲ ಅನ್ನುತ್ತಾರೆ.

ಮದುವೆ ಚೆನ್ನಾಗಿ ಆಯಿತು. ಆಮೇಲೆ ಗಡಿಯ ಎರಡು ಕಡೆ ಸಂಬಂಧ ಮಾಡುವವರೆಲ್ಲ ಮುಳಬಾಗಿಲಿಗೆ ಬಂದು "ಚನ್ನರಾಯಪ್ಪನವರ ಥರದ ಕಾರ್ಡು" ಕೇಳುತ್ತಾರೆ. ಮಾತು ಒಂದೇ, ಅಕ್ಷರ ಎರಡು. ಚನ್ನರಾಯಪ್ಪ ಆ ಕಡೆ ಬಂದಾಗಲೆಲ್ಲ ಪ್ರೆಸ್ಸಿಗೆ ನುಗ್ಗಿ, ಇದನ್ನು ಹೇಗೆ ಮಾಡಬೇಕು ಅಂತ ಗಂಗಾಗೆ ಹೇಳಿಕೊಟ್ಟು ಹೋಗುತ್ತಾರೆ. ಅವಳು ಯಂತ್ರದ ಮೇಲೆ ಕೈಯಿಟ್ಟು "ಹೌದಾ ಮಾವ? ಹಾಗಾ ಮಾವ?" ಎಂದು ಕೇಳಿಸಿಕೊಳ್ಳುತ್ತಾಳೆ. ನನಗೆ ನಗು ತಡೆಯಲಾಗದೆ ನೀರು ಕುಡಿಯಲು ಎದ್ದು ಹೋಗುತ್ತೇನೆ.

ಶಿವಕುಮಾರ್ ಈಗ ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದಿಯೇ ಅಚ್ಚಿಗೆ ಕಳಿಸಬೇಕು. ಅವನು ಓದುವುದನ್ನು ಕೇಳಿದರೆ ಅಚ್ಚೇ ವಾಸಿ ಅನ್ನಿಸುತ್ತದೆ. ಮೂಲೆಗೆ ಟ್ಯೂಬ್‌ಲೈಟು ವಾಪಸ್ಸು ಬಂತು. ಹಾಕಿಸಿ ಅಂತ ಗಂಗಾನೇ ಕೇಳಿದ್ದು. "ನಿಂಗೆ ಯಾಕಮ್ಮ ಲೈಟು?" ಎಂದು ಅಮರನಾಥ್ ಹಳೆಯ ಮಾತನ್ನೇ ಹೇಳಿದ್ದಕ್ಕೆ, "ನನಗಲ್ಲ ಸಾರ್, ನೋಡೋರಿಗೆ. ಬೆಳಕಿದ್ರೂ ನಿಮಗೆಲ್ಲ ಎಷ್ಟು ಕಷ್ಟ ಅಂತ ಗೊತ್ತಾಯ್ತಲ್ಲ," ಅಂದಳು. ಈಗ ನಾನು ಸ್ಟೂಲಿನ ಮೇಲೆ ಕೂತು ಅವರೆಕಾಯಿ ಬಿಡಿಸಿಕೊಳ್ಳುತ್ತೇನೆ, ಹುಳ ಇದ್ದರೆ ಕಾಣುತ್ತದೆ.

ಇನ್ನೊಂದು ಬದಲಾವಣೆಯನ್ನು ಅವಳು ಯಾರಿಗೂ ಹೇಳಿಲ್ಲ. ಮ್ಯಾಟರ್ ಮುಗಿದ ಮೇಲೆ ಬೆರಳಾಡಿಸಿ ಓದುತ್ತಾಳೆ, ಆಮೇಲೆ ಕಿವಿಗೆ ವೈರು ಸಿಕ್ಕಿಸಿಕೊಂಡು ಆ ಹೆಂಗಸಿನ ಧ್ವನಿಯಲ್ಲಿ ಮೊದಲಿಂದ ಕೊನೆಯವರೆಗೆ ಕೇಳುತ್ತಾಳೆ. ಪ್ರತಿ ಕಾರ್ಡಿನ ವಿಳಾಸದಲ್ಲೂ ನಮ್ಮ ತಾಲ್ಲೂಕಿನ ಹೆಸರು ಬರುತ್ತದೆ. ಆ ಸಾಲು ಬಂದಾಗ ಗಂಗಾ ಹಲ್ಲು ಕಚ್ಚುವುದು ನನಗೆ ಪಕ್ಕದಿಂದ ಕಾಣುತ್ತದೆ. "ಮುಳಬಾಗಿಲು ಕಣೇ, ಮು-ಳ-ಬಾ-ಗಿ-ಲು," ಎಂದು ಫೋನಿಗೆ ಬೈಯುತ್ತಾಳೆ. ಬೈದು, ಕೊನೆಯ ಸಾಲಿನವರೆಗೂ ಕೇಳಿಸಿಕೊಂಡು, ಆಮೇಲೆ ಕಳಿಸುತ್ತಾಳೆ.